ಹಗೇವಿನ ಬಾಯಿಗೆ ಅಡ್ಡ ನಿಂತ ಅತ್ತೆ

ಅದು 1940ನೆಯ ಇಸವಿ. ಮೈಸೂರಿನಲ್ಲಿ ಮಹಾರಾಜರು ತೀರಿಕೊಂಡರೆಂಬ ಸುದ್ದಿ ನಮ್ಮ ಊರಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಗೌರಿ ಹಬ್ಬ ಹತ್ತಿರವಾಗಿತ್ತು. ಮದುವೆಯಾದ ಮೇಲೆ ನನಗೆ ಅದೇ ಮೊದಲ ಗೌರಿ. ತವರಿನಿಂದ ಅಣ್ಣ ಗಾಡಿ ಕಟ್ಟಿಕೊಂಡು ಬಂದು ಕರೆದುಕೊಂಡು ಹೋಗುತ್ತಾನೆ ಎಂದು ದಿನವೂ ಬೀದಿಯ ಕಡೆ ನೋಡುತ್ತಿದ್ದೆ. ಹದಿನಾರು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಯೋಚನೆ ಇನ್ನೇನಿರುತ್ತದೆ?

ನನ್ನ ತವರು ಚುಂಚನಕಟ್ಟೆಯ ಹತ್ತಿರ. ನಾಲೆಯ ನೀರು, ಭತ್ತದ ಗದ್ದೆ. ಭತ್ತವನ್ನು ನಮ್ಮ ಕಡೆ ಮನೆಯೊಳಗಿನ ಕಣಜದಲ್ಲಿ ತುಂಬುತ್ತಿದ್ದರು. ಗಂಡನ ಊರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಒಳಗೆ, ಬರೀ ಹೊಲದ ಸೀಮೆ. ಮೂರು ಹೊತ್ತೂ ರಾಗಿ. ನಾನು ಆ ಮನೆಗೆ ಬಂದ ಹೊಸದರಲ್ಲಿ ರಾಗಿ ಮೂಟೆಗಳು ಎಲ್ಲೂ ಕಾಣದೆ, ಇವರು ಊಟಕ್ಕೆ ಏನು ಮಾಡುತ್ತಾರಪ್ಪ ಎಂದು ಒಳಗೊಳಗೇ ಹೆದರಿದ್ದೆ. ಓರಗಿತ್ತಿ ನಿಂಗಮ್ಮ ನಕ್ಕು ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಸಗಣಿ ಸಾರಿಸಿದ ನೆಲವನ್ನು ಕಾಲಿನಿಂದ ತಟ್ಟಿ ತೋರಿಸಿದಳು.

“ಇದ್ರೊಳಗೆ ಅದೆ ಕಣವ್ವ. ನೀನು ನಿಂತಿರೋದು ರಾಗಿ ಮ್ಯಾಲೆ.”

ಅದು ಹಗೇವು. ಗಟ್ಟಿ ಮಣ್ಣಿನ ನೆಲದಲ್ಲಿ ದೊಡ್ಡ ಗಡಿಗೆಯ ಆಕಾರಕ್ಕೆ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಹೊಟ್ಟೆ ಅಗಲ. ಸುತ್ತಲೂ ಹುಲ್ಲು ಕೊಟ್ಟು ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡುತ್ತಿದ್ದರು. ವರ್ಷಗಟ್ಟಲೆ ಇಟ್ಟರೂ ಒಂದು ಹುಳ ಬೀಳುವುದಿಲ್ಲ ಎಂದು ನಿಂಗಮ್ಮ ಹೇಳಿದಾಗ ನಾನು ನಂಬಲಿಲ್ಲ. ನಮ್ಮ ಕಣಜದ ಭತ್ತಕ್ಕೆ ಎರಡೇ ಮಳೆಗಾಲದಲ್ಲಿ ಹುಳ ಹತ್ತುತ್ತಿತ್ತು.

ಮನೆಯಲ್ಲಿ ನಾವು ಇದ್ದದ್ದು ಐದು ಜನ. ಅತ್ತೆ ಕಾಳಮ್ಮ, ಭಾವ ನಂಜೇಗೌಡರು, ಅವರ ಹೆಂಡತಿ ನಿಂಗಮ್ಮ, ನಮ್ಮ ಯಜಮಾನರು, ನಾನು. ಮಾವನವರು ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆ ಒಣಕಲು ಮೈಯ ಹೆಂಗಸು, ಮಾತು ಕಡಿಮೆ. ನನ್ನನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೇ ಎಂದು ನಾನು ತಿಳಿದಿದ್ದೆ. ಭಾವ ಮಾತ್ರ ನಗುನಗುತ್ತಾ ಇರುವವರು. ನಾನು ಮುದ್ದೆ ನುಂಗಲು ಬಾರದೆ ಒದ್ದಾಡುವುದನ್ನು ಕಂಡು, “ಗದ್ದೆ ಸೀಮೆ ಎಣ್ಣು, ಇವ್ಳಿಗೆ ಒಂದಿಷ್ಟು ಅನ್ನ ಬೇಯ್ಸಿ ಕೊಡಿ” ಎಂದು ಅವರೇ ಒಳಗೆ ಹೇಳಿದ್ದರು.

ಆ ಸಲ ಮಳೆ ಹಿಡಿದುಕೊಂಡಿತ್ತು. ಜೋರಾಗಿಯೂ ಬಾರದು, ಬಿಡದು. ಮನೆಯೊಳಗಿದ್ದ ರಾಗಿ ಮುಗಿಯುತ್ತಾ ಬಂತು. ಹೊಲಕ್ಕೆ ಕಳೆ ಕೀಳಲು ಆಳುಗಳು ಬರುವವರಿದ್ದರು, ಅವರಿಗೆಲ್ಲ ಊಟವಾಗಬೇಕು. ಹಗೇವು ತೆಗೆಯಬೇಕು ಎಂದು ಮಾತಾಯಿತು. ತೆಗೆಯುವುದಕ್ಕೂ ಒಂದು ಕ್ರಮ ಇತ್ತು. ಹಿಂದಿನ ದಿನವೇ ಚಪ್ಪಡಿ ಸರಿಸಿ ಬಾಯಿ ಬಿಟ್ಟಿರಬೇಕು. ಮಾರನೆಯ ದಿನ ಹಗ್ಗದಲ್ಲಿ ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಯಾಕೆ ಎಂದು ಕೇಳಿದರೆ, ಒಳಗೆ ‘ಕಾವು’ ಇರುತ್ತದೆ ಎನ್ನುತ್ತಿದ್ದರು. ಕೆಲವರು ಅದನ್ನು ಭೂತ ಎಂದೂ ಹೇಳುತ್ತಿದ್ದರು.

ಭಾವ ಹಿಂದಿನ ದಿನವೇ ಚಪ್ಪಡಿ ತೆಗೆದಿದ್ದರು. ಆದರೆ ಜಿನುಗು ಮಳೆ ನಿಲ್ಲಲಿಲ್ಲ. ರಾಗಿಯ ಮೇಲೆ ನೀರು ಬೀಳಬಾರದೆಂದು ಬಾಯಿಯ ಮೇಲೆ ಬಿದಿರಿನ ಮಂಕರಿ ಬೋರಲು ಹಾಕಿ ಕಂಬಳಿ ಹೊದಿಸಿದರು. ಅದು ಎಲ್ಲರಿಗೂ ಸರಿಯಾಗಿಯೇ ಕಂಡಿತು. ಬೆಳಗ್ಗೆ ಅತ್ತೆ ಸೊಪ್ಪು ಕುಯ್ಯಲು ಹೊಲದ ಕಡೆ ಹೋಗಿದ್ದರು. ಮಳೆ ಸ್ವಲ್ಪ ಬಿಟ್ಟಿತ್ತು. ಅದು ಮತ್ತೆ ಹಿಡಿಯುವುದರೊಳಗೆ ರಾಗಿ ತೆಗೆದುಬಿಡೋಣ ಎಂದು ಭಾವ ಕಂಬಳಿ ಎತ್ತಿದರು. ದೀಪ ಹಚ್ಚಿ ಇಳಿಬಿಟ್ಟರು. ಅದು ಆರಿತು. ಮತ್ತೆ ಹಚ್ಚುವಷ್ಟರಲ್ಲಿ ತೇವದ ಗಾಳಿಗೆ ಅಂಗಳದಲ್ಲೇ ಆರಿಹೋಯಿತು. ಇನ್ನೊಂದು ಸಲ ಹಚ್ಚಿದ್ದೂ ಹಾಗೇ ಆಯಿತು.

“ಈ ತಂಡಿಲಿ ಎಲ್ಲಿ ಅತ್ಕತ್ತದೆ ಬುಡ್ಲಾ” ಎಂದರು ಭಾವ, ನಮ್ಮ ಯಜಮಾನರಿಗೆ. “ರಾತ್ರಿಯೆಲ್ಲಾ ಬಾಯಿ ಬುಟ್ಟಿದ್ದೀವಲ್ಲ.”

ಪಂಚೆ ಮೇಲಕ್ಕೆ ಕಟ್ಟಿ, ಬಾಯಿಯ ಗೋಡೆಯಲ್ಲಿ ಕೊರೆದಿದ್ದ ಮೆಟ್ಟಿಲಿನಲ್ಲಿ ಕಾಲಿಟ್ಟು ಇಳಿದರು. ನಾನೂ ನಿಂಗಮ್ಮನೂ ಮೊರ, ಚೀಲ ಹಿಡಿದುಕೊಂಡು ನಿಂತಿದ್ದೆವು. ಒಳಗಿನಿಂದ ಅವರ ದನಿ ಗಡಿಗೆಯೊಳಗೆ ಮಾತಾಡಿದ ಹಾಗೆ ಕೇಳಿತು.

“ಮೂಗು ಚುರ್ ಅಂತದೆ ಕಣ್ಲಾ. ಮಂಕ್ರಿ ಬುಡು.”

ಯಜಮಾನರು ಮಂಕರಿ ಇಳಿಬಿಟ್ಟರು. ರಾಗಿ ಬಾಚುವ ಸದ್ದು ಸ್ವಲ್ಪ ಕೇಳಿತು. ದೊಡ್ಡ ದೊಡ್ಡ ಉಸಿರಿನ ಸದ್ದೂ ಕೇಳಿತು, ಓಡಿ ಬಂದವರ ಹಾಗೆ. ಆಮೇಲೆ ಏನೋ ಅಂದರು, ನಾಲಿಗೆ ತೊದಲಿತು. ನಾವು ತಮಾಷೆ ಎಂದುಕೊಂಡೆವು. ನಿಂಗಮ್ಮ, “ಏನಂದ್ರಿ?” ಎಂದು ನಗುತ್ತಲೇ ಕೇಳಿದಳು. ಉತ್ತರ ಬರಲಿಲ್ಲ. ಯಜಮಾನರು ಬಗ್ಗಿ “ಅಣ್ಣಾ, ಅಣ್ಣಾ” ಎಂದು ಕೂಗಿದರು. ಮಂಕರಿಯ ಹಗ್ಗ ಎಳೆದರೆ ಅರ್ಧ ತುಂಬಿದ ಮಂಕರಿ ಮೇಲೆ ಬಂತು. ಭಾವನ ಸದ್ದಿಲ್ಲ.

ಯಜಮಾನರು ಹಿಂದೆ ಮುಂದೆ ನೋಡದೆ ಇಳಿಯಲು ಕಾಲಿಟ್ಟರು. ಅಷ್ಟರಲ್ಲಿ ಸೊಪ್ಪಿನ ಹೊರೆ ಹೊತ್ತು ಅತ್ತೆ ಅಂಗಳಕ್ಕೆ ಬಂದರು. ಏನಾಗಿದೆ ಎಂದು ಯಾರೂ ಹೇಳಬೇಕಾಗಲಿಲ್ಲ. ಹೊರೆ ಎಸೆದು ಓಡಿ ಬಂದು ಮಗನ ಜುಟ್ಟು ಹಿಡಿದರು.

“ಇಳಿಬ್ಯಾಡ.”

“ಅಣ್ಣ ಒಳಗವ್ನೆ ಕಣವ್ವ, ಬುಡು.”

“ಅಗ್ಗ ಕಟ್ಕೊ. ಅಗ್ಗ ಇಲ್ದೆ ಇಳಿದ್ರೆ ನನ್ ಎಣ ದಾಟ್ಕಂಡು ಇಳಿ.”

ಮಂಕರಿಯ ಹಗ್ಗ ಬಿಚ್ಚಿ ಅವರ ಕಂಕುಳ ಕೆಳಗೆ ಅತ್ತೆಯೇ ಕಟ್ಟಿದರು. ಅವರು ಉಸಿರು ಕಟ್ಟಿಕೊಂಡು ಇಳಿದರು. ಪಕ್ಕದ ಮನೆಯ ತಿಮ್ಮಣ್ಣ ನಮ್ಮ ಕೂಗು ಕೇಳಿ ಬಂದು ಹಗ್ಗ ಹಿಡಿದ. ಅವನು ಭಾವನ ಜೊತೆ ಆಡಿ ಬೆಳೆದವನು. ಹಗ್ಗ ಒಂದು ಸಲ ಜಗ್ಗಿತು. ಆಮೇಲೆ ಒಮ್ಮೆಗೇ ಭಾರವಾಯಿತು.

“ಎಳೀರಿ” ಎಂದರು ಅತ್ತೆ.

ನಾವೆಲ್ಲ ಎಳೆದೆವು. ಬಾಯಿಯ ಹತ್ತಿರ ಬಂದು ಅವರ ಭುಜ ಸಿಕ್ಕಿಕೊಂಡಿತು. ತಲೆ ಒಂದು ಕಡೆ ಜೋತುಬಿದ್ದಿತ್ತು. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ತಿಮ್ಮಣ್ಣ ಬೋರಲು ಮಲಗಿ ಅವರ ತೋಳು ಹಿಡಿದು ತಿರುಚಿ ಹೊರಗೆ ಎಳೆದುಕೊಂಡ. ನೆಲದ ಮೇಲೆ ಮಲಗಿಸಿದಾಗ ನನಗೆ ಅವರು ಸತ್ತೇ ಹೋದರು ಎನ್ನಿಸಿತು. ಅತ್ತೆ ಅವರ ಎದೆ ಉಜ್ಜಿ, ಕೆನ್ನೆಗೆ ಹೊಡೆದರು. ಅವರು ಒಂದು ದೊಡ್ಡ ಉಸಿರು ಎಳೆದು ವಾಂತಿ ಮಾಡಿಕೊಂಡರು. ಕಣ್ಣು ಬಿಟ್ಟರೂ ನನ್ನ ಗುರುತು ಹತ್ತಲಿಲ್ಲ.

ಆಗ ನಿಂಗಮ್ಮ ಹಗೇವಿನ ಕಡೆ ಓಡಿದಳು. ನಾನೂ ಅವಳ ಹಿಂದೆ ಹೋಗಿ ಬಾಯಿಯ ಅಂಚಿನಲ್ಲಿ ಮಂಡಿಯೂರಿ, ಭಾವ ಕಾಣುತ್ತಾರೇನೋ ಎಂದು ತಲೆ ಒಳಗೆ ಬಗ್ಗಿಸಿದೆ. ಆ ಗಳಿಗೆ ನನಗೆ ಇವತ್ತಿಗೂ ಮರೆತಿಲ್ಲ. ವಾಸನೆ ಏನೂ ಇರಲಿಲ್ಲ. ಹೊಗೆ ಇರಲಿಲ್ಲ. ಬೆಚ್ಚಗಿತ್ತು. ಉಸಿರು ಎಳೆದ ತಕ್ಷಣ, ಗೋಲಿ ಸೋಡಾ ಕುಡಿದಾಗ ಮೂಗಿಗೆ ಏರುತ್ತದಲ್ಲ, ಹಾಗೆ ಮೂಗಿನೊಳಗೆ ಚುಚ್ಚಿತು. ಎದೆ ತಾನಾಗಿ ಏದುಸಿರು ಬಿಡತೊಡಗಿತು. ಎಷ್ಟು ಎಳೆದರೂ ಉಸಿರು ಸಾಲದು. ಕಿವಿಯಲ್ಲಿ ಡೋಲು ಬಡಿದ ಹಾಗೆ ಸದ್ದು, ಕಣ್ಣ ಮುಂದೆ ಕಪ್ಪು. ಕೈ ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ. ಯಾರೋ ಜಡೆ ಹಿಡಿದು ಹಿಂದಕ್ಕೆ ಎಳೆದರು. ಬೆನ್ನಿನ ಮೇಲೆ ಬಿದ್ದೆ. ನೋಡಿದರೆ ಅತ್ತೆ; ಇನ್ನೊಂದು ಕೈಯಲ್ಲಿ ನಿಂಗಮ್ಮನ ರಟ್ಟೆ ಹಿಡಿದಿದ್ದರು.

ಮನೆಯೊಳಗಿನಿಂದ ಒನಕೆ ತಂದು ಅವರು ಹಗೇವಿನ ಬಾಯಿಗೆ ಅಡ್ಡ ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಅಷ್ಟು ಹೊತ್ತಿಗೆ ಬೀದಿಯವರೆಲ್ಲ ಸೇರಿದ್ದರು. ತಿಮ್ಮಣ್ಣ, “ನಾನು ಇಳೀತೀನಿ ಕಾಳವ್ವ, ದಾರಿ ಬುಡು” ಎಂದು ಮುಂದೆ ಬಂದ.

“ಬಂದ್ರೆ ಒಡಿತೀನಿ” ಎಂದರು ಅತ್ತೆ.

“ನಿನ್ ಮಗ ಒಳಗವ್ನೆ.”

“ನಂಗೊತ್ತು. ನಮ್ಮಪ್ಪನ್ನ ಹಗೇವಿಂದ ಎತ್ತಕ್ಕೆ ನಮ್ ಚಿಕ್ಕಪ್ಪ ಇಳುದ. ಅವನ್ನ ಎತ್ತಕ್ಕೆ ಇನ್ನೊಬ್ಬ ಚಿಕ್ಕಪ್ಪ ಇಳುದ. ಸಾಲಾಗಿ ಮೂರು ಎಣ ಮಲಗಿಸಿದ್ರು ಕಣಪ್ಪ ನಮ್ಮಟ್ಟಿ ಮುಂದೆ. ನಾನು ನೋಡಿವ್ನಿ. ಒಳಗಿನ್ ಕಾವು ಆಚೆಗೆ ಓಗೋಗಂಟ ಯಾರೂ ಇಳಿಯಂಗಿಲ್ಲ.”

ಅತ್ತೆಯ ತವರು ಹೆಗ್ಗಡದೇವನಕೋಟೆಯ ಕಡೆ. ಅವರು ತಮ್ಮ ತಂದೆಯ ಮಾತನ್ನೇ ಆಡುತ್ತಿರಲಿಲ್ಲ. ಯಾಕೆಂದು ಅವತ್ತು ಗೊತ್ತಾಯಿತು. ಆದರೆ ಆ ಹೊತ್ತಿನಲ್ಲಿ ನನಗೆ ಅದು ತಲೆಗೆ ಹೋಗಲಿಲ್ಲ. ನಿಂಗಮ್ಮ ಅವರ ಕಾಲು ಹಿಡಿದು, “ಅತ್ತೆ, ಬುಟ್ಬುಡಿ, ನಾನಾದ್ರೂ ಓಯ್ತೀನಿ” ಎಂದು ಅಳುತ್ತಿದ್ದಳು. ಅತ್ತೆ ಕಾಲು ಕದಲಿಸಲಿಲ್ಲ. ಇವರೇನು ತಾಯಿಯೋ ಕಲ್ಲೋ ಎಂದು ನಾನು ಮನಸ್ಸಿನಲ್ಲಿ ಬಯ್ದುಕೊಂಡೆ. ಸೇರಿದವರಲ್ಲಿ ಕೆಲವರು ಬಾಯಿಬಿಟ್ಟೇ ಬಯ್ದರು.

ಅತ್ತೆ ಕೆಲಸ ಹೇಳತೊಡಗಿದರು. ಸೊಪ್ಪಿನ ಕೊಂಬೆ ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಮಜ್ಜಿಗೆ ಕಡೆದ ಹಾಗೆ ಮಾಡಿ ಎಂದರು. ಹೆಂಗಸರೆಲ್ಲ ಮೊರ ಹಿಡಿದು ಬಾಯಿಗೆ ಗಾಳಿ ಬೀಸಿದೆವು. ಮಧ್ಯೆ ಮಧ್ಯೆ ದೀಪ ಇಳಿಬಿಟ್ಟರು. ಹಗೇವಿನ ಕುತ್ತಿಗೆಯ ಹತ್ತಿರವೇ ಆರಿತು.

ಆ ದಿನ ಹುಣಸೂರಿನಿಂದ ಕಲಾಯಿ ಹಾಕುವ ಸಾಬರೊಬ್ಬರು ನಮ್ಮ ಊರಿಗೆ ಬಂದಿದ್ದರು. ಹುಸೇನ್ ಸಾಬರು ಎಂದು ಹೆಸರು. ನಮ್ಮ ಮನೆಯ ಪಕ್ಕದ ಹೊಂಗೆ ಮರದ ಕೆಳಗೆ ಬೆಂಕಿ ಹೂಡಿ ನಮ್ಮ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಗದ್ದಲ ಕೇಳಿ ಅವರೂ ಬಂದು ನಿಂತಿದ್ದರು. ದೀಪ ಆರಿದ್ದನ್ನು ನೋಡಿ ಅತ್ತೆಯ ಹತ್ತಿರ ಬಂದು ಮೆಲ್ಲಗೆ ಹೇಳಿದರು.

“ತಾಯಿ, ನನ್ನ ತಿದಿ ತರ್ತೀನಿ. ಬೆಂಕಿಗೆ ಊದೋ ಗಾಳಿ ಇದಕ್ಕೇ ಊದೋಣ.”

ಓಡಿಹೋಗಿ ತಮ್ಮ ಚರ್ಮದ ತಿದಿಯನ್ನು ಕಿತ್ತು ತಂದರು. ಅದರ ಮೂತಿ ತಳದವರೆಗೆ ಮುಟ್ಟುವುದಿಲ್ಲ. ಯಾರೋ ಎತ್ತು ಹೂಡಿ ಬಾವಿಯ ನೀರೆತ್ತುವ ಕಪಿಲೆಗೆ ಕಟ್ಟುವ ಉದ್ದನೆಯ ತೊಗಲಿನ ಸೊಂಡಿಲನ್ನು ತಂದುಕೊಟ್ಟರು. ತಿದಿಯ ಮೂತಿಗೆ ಅದನ್ನು ಬಿಗಿದು, ಇನ್ನೊಂದು ತುದಿಯನ್ನು ಹಗೇವಿನೊಳಗೆ ಇಳಿಬಿಟ್ಟರು. ಸಾಬರು ಕುಕ್ಕರಗಾಲಿನಲ್ಲಿ ಕೂತು ಊದಲು ಶುರು ಮಾಡಿದರು. ಅವರ ಕೈ ಸೋತಾಗ ತಿಮ್ಮಣ್ಣ ಊದಿದ. ಅವನು ಅಳುತ್ತಾ ಊದುತ್ತಿದ್ದ. ದೀಪ ಇಳಿಬಿಟ್ಟರೆ ಈ ಸಲ ಕುತ್ತಿಗೆ ದಾಟಿ ಉರಿಯಿತು. ಮತ್ತೆ ಊದಿದರು. ಕೊನೆಗೆ ದೀಪ ರಾಗಿಯ ಮೇಲೆ ಕೂತು ಉರಿಯಿತು. ಆ ಬೆಳಕಿನಲ್ಲಿ ನನಗೆ ಭಾವನ ಕೈ ಕಾಣಿಸಿತು. ಅಂಗೈ ಮೇಲೆ ಮಾಡಿಕೊಂಡಿತ್ತು.

ತಿಮ್ಮಣ್ಣನ ಭುಜ ಅಗಲ, ಆ ಬಾಯಿಯಲ್ಲಿ ಭಾರ ಎತ್ತಿಕೊಂಡು ಬರುವುದು ಕಷ್ಟ. ಸಾಬರು ತಮ್ಮ ಅಂಗಿ ಬಿಚ್ಚಿದರು.

“ನಾನು ಸಣ್ಣಗಿದೀನಿ. ನಾನು ಇಳೀತೀನಿ.”

ಅತ್ತೆ ಅವರಿಗೂ ಒನಕೆ ಅಡ್ಡ ಹಿಡಿದರು. “ಬ್ಯಾಡಿ ಸಾಬ್ರೇ. ನಿಮ್ಗೂ ಎಂಡ್ರು ಮಕ್ಕಳವ್ರೆ. ಓದೋನು ಓದ.”

ಮಗ ಹೋದ ಎಂದು ಮೊದಲು ಬಾಯಲ್ಲಿ ಅಂದವರು ಅವರೇ. ಅದುವರೆಗೆ ನಾವು ಯಾರೂ ಆ ಮಾತನ್ನು ಆಡಿರಲಿಲ್ಲ.

ಸಾಬರು, “ಹಾಗಂತ ಅಲ್ಲೇ ಬಿಡೋಕಾಗಲ್ಲ ತಾಯಿ” ಎಂದರು. “ದೀಪ ಉರೀತಾ ಇದೆ. ನೀವೇ ಹಗ್ಗ ಹಿಡ್ಕೊಳ್ಳಿ.”

ಅತ್ತೆ ಒನಕೆ ಕೆಳಗಿಟ್ಟು ಹಗ್ಗ ಹಿಡಿದರು. ಸಾಬರು ಇಳಿದು, ಭಾವನ ಮೈಗೆ ಇನ್ನೊಂದು ಹಗ್ಗ ಕಟ್ಟಿ, ಕೆಳಗಿನಿಂದ ಎತ್ತಿ ಕೊಟ್ಟರು. ಮೇಲೆ ಬಂದ ಮೇಲೆ ಗೋಡೆಗೆ ಒರಗಿ ಕೂತು ಬಹಳ ಹೊತ್ತು ಏದುಸಿರು ಬಿಟ್ಟರು.

ಭಾವನ ಮೈಮೇಲೆ ಒಂದು ಗೀರು ಇರಲಿಲ್ಲ. ನಿದ್ದೆ ಮಾಡುವವರ ಹಾಗಿದ್ದರು. ಕೆನ್ನೆಗೆ, ರೆಪ್ಪೆಗೆ ರಾಗಿಕಾಳು ಅಂಟಿಕೊಂಡಿತ್ತು. ನಿಂಗಮ್ಮ ಅದನ್ನು ಒಂದೊಂದಾಗಿ ಬಿಡಿಸುತ್ತಾ ಕೂತಳು. ಸ್ವಲ್ಪ ಹೊತ್ತಿನ ಮುಂಚೆ ಮಂಕರಿ ಬುಡು ಎಂದ ಮನುಷ್ಯ. ಹಾವು ಕಚ್ಚಲಿಲ್ಲ, ಮರದಿಂದ ಬೀಳಲಿಲ್ಲ, ಕಾಯಿಲೆ ಬರಲಿಲ್ಲ. ತಿನ್ನುವ ರಾಗಿಯ ಮೇಲೆ ಮಲಗಿ ಸತ್ತಿದ್ದರು. ಇದು ಹೇಗೆ ಸಾಧ್ಯ ಎಂದು ನನ್ನ ತಲೆಯೇ ಓಡಲಿಲ್ಲ. ಕಲಾಯಿ ಸಾಬರು ಯಾವಾಗ ಎದ್ದು ಹೋದರೋ ಯಾರೂ ನೋಡಲಿಲ್ಲ. ಆಮೇಲೆ ಹೋಗಿ ನೋಡಿದರೆ ಹೊಂಗೆ ಮರದ ಕೆಳಗೆ ನಮ್ಮ ಪಾತ್ರೆಗಳೆಲ್ಲ ಕಲಾಯಿ ಮುಗಿದು ಬೋರಲಾಗಿದ್ದವು.

ನಮ್ಮ ಯಜಮಾನರಿಗೆ ತಲೆನೋವು ನಿಲ್ಲಲಿಲ್ಲ. ಮಣ್ಣು ಮಾಡಿದ ಮೇಲೆ ತಿಮ್ಮಣ್ಣ ಗಾಡಿ ಕಟ್ಟಿ ನಮ್ಮನ್ನು ಹುಣಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ವಯಸ್ಸಾದವರು, ಸಮಾಧಾನದವರು. ಎಲ್ಲವನ್ನೂ ಕೇಳಿ, ಯಜಮಾನರ ಕಣ್ಣು ಎದೆ ನೋಡಿ, ಇನ್ನು ಭಯವಿಲ್ಲ ಎಂದರು. ತಿಮ್ಮಣ್ಣ, “ಒಳಗೆ ಏನಿತ್ತು ಸ್ವಾಮಿ?” ಎಂದು ಕೇಳಿದ.

“ಇಂಗಾಲಾಮ್ಲ ವಾಯು ಅಂತಾರೆ ಅದಕ್ಕೆ. ವಿಷ ಬೇರೆಲ್ಲಿಂದಲೋ ಬಂದದ್ದಲ್ಲಪ್ಪ. ನಾನು ನೀನು ಹೊರಗೆ ಬಿಡುವ ಉಸಿರಿನಲ್ಲಿ ಇರೋ ಗಾಳಿಯೇ. ರಾಗಿಯೂ ಉಸಿರಾಡುತ್ತೆ.”

“ರಾಗಿ ಉಸುರಾಡ್ತದಾ?”

“ಬಿತ್ತಿದರೆ ಮೊಳಕೆ ಬರಲ್ಲವಾ? ಜೀವ ಇರೋದರಿಂದಲೇ ಬರೋದು. ಮುಚ್ಚಿಟ್ಟ ಗುಂಡಿಯೊಳಗೆ ಅದು ಒಳ್ಳೆ ಗಾಳಿ ತಗೊಂಡು ಈ ಗಾಳಿ ಬಿಡುತ್ತಾ ಇರುತ್ತೆ. ಮಳೆ ನೀರು ಜಿನುಗಿ ತೇವ ಆದರೆ ಇನ್ನೂ ಹೆಚ್ಚು. ಇದು ಭಾರವಾದ ಗಾಳಿ, ನೀರಿನ ಹಾಗೆ ತಳದಲ್ಲೇ ನಿಂತಿರುತ್ತೆ. ಅದರಲ್ಲಿ ಹುಳವೂ ಬದುಕಲ್ಲ. ನಿಮ್ಮ ರಾಗಿಗೆ ಹುಳ ಬೀಳದೆ ಇರೋದು ಅದಕ್ಕೇ. ಸೋಡಾದಲ್ಲಿ ಬುಸ್ ಅಂತ ಬರೋದೂ ಇದೇ. ಸ್ವಲ್ಪ ಇದ್ದರೆ ಏನೂ ಮಾಡಲ್ಲ. ಎಷ್ಟಿರಬೇಕೋ ಅಷ್ಟನ್ನು ಮೀರಿದರೆ ಮನುಷ್ಯ ನಾಲ್ಕು ಉಸಿರಿಗೆ ಬಿದ್ದುಹೋಗ್ತಾನೆ.”

ಬಾಗಿಲ ಬಳಿ ನಿಂತಿದ್ದ ನಾನು ನನ್ನ ಮೂಗನ್ನು ಮುಟ್ಟಿಕೊಂಡೆ. ಭೂತ ಎಂದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ನನ್ನ ಉಸಿರಿನಲ್ಲಿರುವುದೇ ನನ್ನ ಭಾವನನ್ನು ಕೊಂದಿತು ಎಂದರೆ ಯಾರನ್ನು ಬಯ್ಯುವುದು? ಗಾಡಿಯಲ್ಲಿ ಊರಿಗೆ ಬರುವಾಗ ದಾರಿಯುದ್ದಕ್ಕೂ ನನ್ನ ಉಸಿರು ನನಗೇ ಕೇಳಿಸುತ್ತಿತ್ತು.

ತಿಥಿ ಕಳೆಯಿತು. ಆ ವರ್ಷ ಗೌರಿ ಹಬ್ಬ ಮಾಡಲಿಲ್ಲ. ಅಣ್ಣ ಬಂದು ನೋಡಿಕೊಂಡು ಹೋದ, ನಾನು ಅವನ ಜೊತೆ ಹೋಗಲಿಲ್ಲ. ಮನೆಯಲ್ಲಿ ಬೇರೆ ಧಾನ್ಯ ಇರಲಿಲ್ಲ. ಇದ್ದದ್ದು ಹಗೇವಿನಲ್ಲಿದ್ದ ಆ ರಾಗಿಯೇ. ಅದನ್ನು ಯಾರು ತಿನ್ನುತ್ತಾರೆ, ಮಾರಿಬಿಡಿ ಎಂದು ಊರವರು ಹೇಳಿದರು. ಅತ್ತೆ ಹಗೇವಿನ ಬಾಯಿಯನ್ನು ದಿನಗಟ್ಟಲೆ ತೆಗೆದಿಟ್ಟು, ದೀಪ ಇಳಿಬಿಟ್ಟು ನೋಡಿ, ರಾಗಿಯನ್ನು ಪೂರ್ತಿ ತೆಗೆಸಿ ಬಿಸಿಲಿಗೆ ಹರಡಿದರು. ತಾವೇ ಬೀಸಿ ಮುದ್ದೆ ತೊಳಸಿದರು. ತಟ್ಟೆಯ ಮುಂದೆ ಕೂತು ನಾವು ಯಾರೂ ಕೈ ಇಡಲಿಲ್ಲ. ನಿಂಗಮ್ಮ ಮುಖ ತಿರುಗಿಸಿ ಕೂತಿದ್ದಳು.

“ನನ್ ಮಗ ಇಳಿದದ್ದು ಇದನ್ನ ತರಕ್ಕೆ ಕಣವ್ವ” ಎಂದರು ಅತ್ತೆ. “ತಂದ್ಕೊಟ್ಟವ್ನೆ. ಉಣ್ಣಿ.”

ಮೊದಲ ತುತ್ತು ಅವರೇ ನುಂಗಿದರು. ಮುದ್ದೆ ನುಂಗಲು ಬಾರದ ನಾನು ಅವತ್ತು ನುಂಗಿದೆ.

ಆಮೇಲೆ ನಮ್ಮ ಮನೆಯಲ್ಲಿ ಹಗೇವು ತುಂಬಲಿಲ್ಲ. ಅದನ್ನು ಮಣ್ಣು ಹಾಕಿ ಮುಚ್ಚಿದೆವು. ಅತ್ತೆ ಇನ್ನೂ ಬಹಳ ವರ್ಷ ಬದುಕಿದ್ದರು. ನಿಂಗಮ್ಮ ಅವರನ್ನು ಬಿಟ್ಟು ತವರಿಗೆ ಹೋಗಲಿಲ್ಲ, ಕೊನೆಯವರೆಗೂ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು.

ಈಗ ನನಗೆ ವಯಸ್ಸಾಗಿದೆ. ಮೊನ್ನೆ ನನ್ನ ಮೊಮ್ಮಗಳು ಪತ್ರಿಕೆ ಓದಿ ಹೇಳುತ್ತಿದ್ದಳು. ಕಲ್ಲಿದ್ದಲು, ಪೆಟ್ರೋಲು ಸುಟ್ಟು ಸುಟ್ಟು ಆಕಾಶದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಾಗುತ್ತಿದೆಯಂತೆ. ಅದು ಕಂಬಳಿ ಹೊದಿಸಿದ ಹಾಗೆ ಶಾಖವನ್ನು ಹಿಡಿದಿಟ್ಟುಕೊಂಡು ಭೂಮಿ ಬಿಸಿಯಾಗುತ್ತಿದೆಯಂತೆ, ಮಳೆಯ ಕಾಲವೇ ಏರುಪೇರಾಗುತ್ತದಂತೆ. ಡಾಕ್ಟರು ಇಂಗಾಲಾಮ್ಲ ಎಂದಿದ್ದ ಗಾಳಿಯೇ, ಅಂದರೆ ಹಗೇವಿನಲ್ಲಿದ್ದದ್ದೇ ಎಂದು ನಾನು ಕೇಳಿದೆ. ಅವಳಿಗೆ ಹಗೇವು ಎಂದರೆ ಗೊತ್ತಿರಲಿಲ್ಲ. ಹೇಳಿದೆ. ಪೂರ್ತಿ ಕೇಳಿ ಅವಳು ನನ್ನ ಪಕ್ಕಕ್ಕೆ ಸರಿದು ಕೂತಳು. ಆಕಾಶದಲ್ಲಿರುವುದು ಹಗೇವಿನಲ್ಲಿದ್ದಷ್ಟು ದಟ್ಟವಲ್ಲ ಅಜ್ಜಿ, ಹಾಗೆ ಉಸಿರು ಕಟ್ಟುವುದಿಲ್ಲ ಎಂದು ನನಗೆ ಧೈರ್ಯ ಹೇಳಿದಳು. ಇರಬಹುದು. ಆದರೆ ಕಣ್ಣಿಗೆ ಕಾಣದ, ವಾಸನೆಯಿಲ್ಲದ ಗಾಳಿ ಇರಬೇಕಾದ್ದಕ್ಕಿಂತ ಹೆಚ್ಚು ತುಂಬಿಕೊಳ್ಳುತ್ತಿದೆ ಎಂದರೆ ಏನು ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅವಳು ಕೊನೆಗೆ ಒಂದು ಮಾತು ಕೇಳಿದಳು. “ನಿಮ್ಮ ಅತ್ತೆ ಅಡ್ಡ ನಿಲ್ಲದೆ ಇದ್ದಿದ್ದರೆ ನಿಮ್ಮ ಭಾವ ಉಳಿಯುತ್ತಿದ್ದರಾ?”

ಅತ್ತೆಯೂ ಹಾಸಿಗೆ ಹಿಡಿದಿದ್ದಾಗ ಇದನ್ನೇ ಕೇಳಿದ್ದರು. ನಾನು ಅವರಿಗೆ ಗಂಜಿ ಕುಡಿಸುತ್ತಿದ್ದೆ. ಕೈ ಹಿಡಿದುಕೊಂಡು, “ನಾನು ಅಡ್ಡ ನಿಂತಾಗ ಅವ್ನಿಗೆ ಇನ್ನೂ ಜೀವ ಇತ್ತಾ ಮಗ?” ಎಂದರು. ನಾನು ಇಲ್ಲ ಅತ್ತೆ ಎಂದೆ. ಮಾರನೆಯ ದಿನವೂ ಕೇಳಿದರು. ಆಗಲೂ ಇಲ್ಲ ಎಂದೆ. ಅಷ್ಟು ವರ್ಷ ಆ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡು, ನಮಗೆಲ್ಲ ಮುದ್ದೆ ತೊಳಸಿ ಹಾಕಿದ್ದರು.

ನಿಜ ಏನು ಎಂದು ನನಗೆ ಗೊತ್ತಿಲ್ಲ. ಅವರು ನನ್ನ ಜಡೆ ಹಿಡಿದು ಎಳೆಯದಿದ್ದರೆ ನಾನೂ ಆ ರಾಗಿಯ ಮೇಲೆ ಬೀಳುತ್ತಿದ್ದೆ, ನನ್ನ ಹಿಂದೆ ತಿಮ್ಮಣ್ಣ ಇಳಿಯುತ್ತಿದ್ದ ಎನ್ನುವುದು ಮಾತ್ರ ಗೊತ್ತು. ಅವತ್ತು ನಾನು ಅವರನ್ನು ಕಲ್ಲು ಎಂದುಕೊಂಡೆ. ಅವರು ಬದುಕಿದ್ದಾಗ ಆ ಮಾತನ್ನು ನಾನು ಯಾವತ್ತೂ ಅವರಿಗೆ ಹೇಳಲಿಲ್ಲ, ಆದರೂ ಅದು ಅವರಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.